ನನ್ನ ಹೆಸರಿನಲ್ಲಿ ಹೋದ ರಕ್ತ

ನಮ್ಮಕ್ಕನನ್ನು ಬಲ್ಲವರು ಯಾರೂ ಅವಳಿಗೆ ತುಂಬಿದ ಲೋಟ ಕೊಡುತ್ತಿರಲಿಲ್ಲ. ಅವಳ ಬಲಗೈ ನಡುಗುತ್ತಿತ್ತು. ಎಡಗೈಯಿಂದ ಬಲಗೈ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು, ಲೋಟವನ್ನು ಬಾಯಿಗೆ ತರುವ ಬದಲು ಬಾಯನ್ನೇ ಲೋಟದ ಹತ್ತಿರ ಒಯ್ದು ಕುಡಿಯುತ್ತಿದ್ದಳು. ಚಳ್ಳಕೆರೆ ಬಸ್ ನಿಲ್ದಾಣದ ಎದುರಿನ ಟೀ ಅಂಗಡಿಯ ಸಾಬರು ಅವಳು ರಸ್ತೆ ದಾಟುವುದನ್ನು ಕಂಡರೆ ಸಾಕು, “ಆಪಾ ಬಂದ್ರು, ಅರ್ಧ ಹಾಕು” ಎಂದು ಒಳಗೆ ಕೂಗುತ್ತಿದ್ದರು. ಗೊತ್ತಿಲ್ಲದವರು ತುಂಬಿಸಿ ಕೊಟ್ಟರೆ ಅಕ್ಕ, “ಅರ್ಧ ನನಗೆ, ಇನ್ನರ್ಧ ಸೀರೆಗಾ? ನನ್ನ ಸೀರೆಗೆ ಟೀ ಅಭ್ಯಾಸ ಇಲ್ಲಪ್ಪ” ಎನ್ನುತ್ತಿದ್ದಳು. ನಾಲಿಗೆ ತೊದಲುತ್ತಿತ್ತು, ನಡಿಗೆ ಓಲಾಡುತ್ತಿತ್ತು. ಕುಡಿದಿದ್ದಾಳೆ ಎಂದು ಒಮ್ಮೆ ಬಸ್ ಕಂಡಕ್ಟರ್ ಹತ್ತಿಸಿಕೊಳ್ಳಲು ತಕರಾರು ಮಾಡಿದ. “ಕುಡಿದಿದ್ರೆ ನೆಟ್ಟಗಾದ್ರೂ ನಡೀತಿದ್ನೇನೋ ಕಣಪ್ಪ. ಒಂದ್ಸಲ ನೀನೇ ಕುಡಿಸಿ ನೋಡು” ಎಂದು ಹೇಳಿ, ಹೋಗಿ ಅವನ ಸೀಟಿನಲ್ಲೇ ಕುಳಿತಳು.

ಅವಳು ತೀರಿಕೊಂಡ ಮೇಲೆ ಮೊಳಕಾಲ್ಮೂರಿನಲ್ಲಿ ಒಂದು ಸಭೆ ಮಾಡಿದರು. ಅವಳು ಕೆಲಸ ಮಾಡುತ್ತಿದ್ದ ಟ್ರಸ್ಟಿನವರು ಬೆಂಗಳೂರಿನಿಂದ ಬಂದಿದ್ದರು. ಫೋಟೋಕ್ಕೆ ಹಾರ ಹಾಕಿ, ಅಕ್ಕ ತಾಯಿಯಂಥವಳು, ದೇವತೆಯಂಥವಳು ಎಂದು ಒಬ್ಬೊಬ್ಬರೂ ಹೇಳಿದರು. ನನ್ನನ್ನೂ ಮೈಕಿನ ಮುಂದೆ ನಿಲ್ಲಿಸಿದರು. ನಾನು ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳು, ಮೈಕಿನ ಮುಂದೆ ಮಾತಾಡಿ ಗೊತ್ತಿಲ್ಲ. ನಮ್ಮಕ್ಕ ಬಹಳ ಕಷ್ಟಪಟ್ಟಳು ಎಂದು ಹೇಳಿ ಕುಳಿತೆ. ನಿಜ ಹೇಳಬೇಕೆಂದರೆ ಅಕ್ಕ ದೇವತೆಯಾಗಿರಲಿಲ್ಲ. ಬಾಯಿ ಖಾರ, ಹಟಮಾರಿ, ಒಮ್ಮೆ ಮುನಿದರೆ ಮುಗಿಯಿತು. ಅವಳ ಮುನಿಸು ತಪ್ಪು ಮಾಡದವಳ ಮೇಲೆ ಬಿತ್ತು. ಹಾಗೆ ಬೀಳಿಸಿದವಳು ನಾನು. ಅವಳ ಟ್ರಸ್ಟಿನ ಸಂಶೋಧನೆಗೆ ನನ್ನ ಹೆಸರಿನಲ್ಲಿ ಹೋದ ರಕ್ತ ನನ್ನದಾಗಿರಲಿಲ್ಲ. ಮೈಕಿನ ಮುಂದೆ ಹೇಳದೆ ಬಿಟ್ಟದ್ದು ಅದನ್ನೇ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾವು ಮೊಳಕಾಲ್ಮೂರಿನ ನೇಯುವವರ ಮನೆಯವರು. ಮನೆಯ ಮುಂದಿನ ಕೋಣೆಯಲ್ಲಿ ಮಗ್ಗ, ಹಿಂದೆ ಅಡುಗೆ, ನಡುವೆ ನಾವು. ಅಕ್ಕ ದೊಡ್ಡವಳು, ಆಮೇಲೆ ಒಬ್ಬ ಅಣ್ಣ, ಕೊನೆಗೆ ನಾನು. ಅವ್ವನನ್ನು ಅವಳ ಸೋದರಮಾವನಿಗೇ ಕೊಟ್ಟಿದ್ದರು. ಅಂದರೆ ಅಪ್ಪ ಅವ್ವನಿಗೆ ಮಾವನೂ ಹೌದು, ಗಂಡನೂ ಹೌದು. ನಮ್ಮ ಕಡೆ ಅದು ಹೊಸದಲ್ಲ, ಮನೆಯ ಹುಡುಗಿ ಮನೆಯಲ್ಲೇ ಇರಲಿ ಎನ್ನುತ್ತಾರೆ. ಅಣ್ಣ ಚಿಕ್ಕವನಿದ್ದಾಗಲೇ ಅವನ ಕಣ್ಣು ಹಳದಿಯಾದವು, ಹೊಟ್ಟೆ ಊದಿತು. ಕಾಮಾಲೆ ಎಂದು ಗಡಿಯಾಚೆಯ ತೆಲುಗು ಸೀಮೆಗೆ ಕರೆದುಕೊಂಡು ಹೋಗಿ ಮುಂಗೈಗೆ ಬರೆ ಹಾಕಿಸಿದರು, ಪಥ್ಯ ಹಿಡಿಸಿದರು. ಆ ಬರೆ ಮಾಯುವ ಮೊದಲೇ ಅವನು ಹೋದ.

ಅಕ್ಕನಿಗೆ ಕಾಯಿಲೆ ಕಣ್ಣಿನಲ್ಲಿ ತೋರಲಿಲ್ಲ, ಮಗ್ಗದಲ್ಲಿ ತೋರಿತು. ರೇಷ್ಮೆ ಎಳೆ ಅವಳ ಕೈಯಲ್ಲಿ ಹರಿಯತೊಡಗಿತು. ಮೊದಲು ಅಪ್ಪ ಬೈದ, ಆಮೇಲೆ ಹೊಡೆದ. ಹುಡುಗಿಗೆ ಕೆಲಸ ಮಾಡುವ ಮನಸ್ಸಿಲ್ಲ, ಬೇಕೆಂದೇ ಹರಿಯುತ್ತಾಳೆ ಎಂದ. ಅಕ್ಕ ಹೊಡೆತ ತಿಂದು ಮತ್ತೆ ಮಗ್ಗಕ್ಕೆ ಕೂರುತ್ತಿದ್ದಳು. ತನಗೆ ಹೊಡೆದರೆ ಸುಮ್ಮನಿರುತ್ತಿದ್ದವಳು ಅವ್ವನಿಗೆ ಯಾರಾದರೂ ಒಂದು ಮಾತು ಅಂದರೆ ಸುಮ್ಮನಿರುತ್ತಿರಲಿಲ್ಲ. ನಾನು ಮನೆಯಲ್ಲಿ ಎಲ್ಲರಿಗಿಂತ ಬೆಳ್ಳಗಿದ್ದೆ. ರೇಷ್ಮೆ ನೂಲು ತರುತ್ತಿದ್ದ ಒಬ್ಬ ತೆಲುಗು ಸಾವ್ಕಾರರು ನಮ್ಮ ಮನೆಗೆ ಬಂದರೆ ಅವ್ವ ಅವರಿಗೆ ಮಜ್ಜಿಗೆ ಕೊಡುತ್ತಿದ್ದಳು. ಅಷ್ಟೇ ವಿಷಯ. ಅಪ್ಪ ಕುಡಿದು ಬಂದ ದಿನ ನನ್ನ ಗದ್ದ ಹಿಡಿದೆತ್ತಿ, “ಇದರ ಮೂತಿ ನೋಡ್ರಿ. ಇದು ನಮ್ಮ ಮಗ್ಗದಾಗೆ ನೇಯ್ದಿದ್ದಲ್ಲ” ಎನ್ನುತ್ತಿದ್ದ. ಅವ್ವ ಗೋಡೆ ಕಡೆ ಮುಖ ಮಾಡಿ ಕೂರುತ್ತಿದ್ದಳು. ಒಂದು ದಿನ ಅಕ್ಕ ಮಗ್ಗದ ಲಾಳಿ ಕೈಯಲ್ಲಿ ಹಿಡಿದು ಎದ್ದು ನಿಂತು, “ಇನ್ನೊಂದ್ಸಲ ಅವ್ವನಿಗೆ ಹಂಗಂದ್ರೆ ಇದು ನಿನ್ನ ಹಣೆಗೆ ಬೀಳ್ತೈತೆ” ಎಂದಳು. ಲಾಳಿ ಹಿಡಿದ ಆ ಕೈ ಆಗಲೇ ನಡುಗುತ್ತಿತ್ತು. ಅದು ಸಿಟ್ಟಿನ ನಡುಕ ಎಂದು ನಾವೆಲ್ಲ ತಿಳಿದಿದ್ದೆವು. ಅಪ್ಪನೂ ಹಾಗೇ ತಿಳಿದಿರಬೇಕು, ಆಮೇಲೆ ಅವಳ ಮುಂದೆ ಆ ಮಾತು ಆಡಲಿಲ್ಲ.

ಅಪ್ಪ ಸತ್ತ ಮೇಲೆಯೇ ಅಕ್ಕ ದೊಡ್ಡ ಆಸ್ಪತ್ರೆ ಕಂಡದ್ದು. ಅಲ್ಲಿ ಒಬ್ಬ ಡಾಕ್ಟರು ಲೈಟು ಹಾಕಿ ಅವಳ ಕಣ್ಣು ನೋಡಿದರು. ಕರಿಗುಡ್ಡೆಯ ಸುತ್ತ ಕಂದು ಬಣ್ಣದ ಒಂದು ಬಳೆ ಇತ್ತು. ತಿನ್ನುವ ಅನ್ನದಲ್ಲಿ ಎಲ್ಲರ ಮೈಗೂ ಚೂರುಚೂರು ತಾಮ್ರ ಹೋಗುತ್ತದಂತೆ. ನಮ್ಮ ನಿಮ್ಮ ಲಿವರ್ ಅದನ್ನು ಹೊರಗೆ ಹಾಕುತ್ತದೆ. ಅವಳ ಲಿವರಿಗೆ ಅದು ಬರುತ್ತಿರಲಿಲ್ಲ. ತಾಮ್ರ ಅಲ್ಲೇ ಕೂಡಿಕೊಂಡು, ಲಿವರ್ ಕೆಡಿಸಿ, ಆಮೇಲೆ ಕಣ್ಣಿಗೂ ತಲೆಗೂ ಏರಿತ್ತು. ಅಣ್ಣನಿಗೂ ಅದೇ ಆಗಿರಬೇಕು ಎಂದರು. ಬಹಳ ಅಪರೂಪದ ಕಾಯಿಲೆ, ಮೊದಲೇ ಗೊತ್ತಾದರೆ ಮಾತ್ರೆಯಲ್ಲಿ ಹಿಡಿದಿಡಬಹುದಂತೆ. ಅಕ್ಕನಿಗೆ ಗೊತ್ತಾದದ್ದು ಅರ್ಧ ದಾರಿಯಲ್ಲಿ. ಆಸ್ಪತ್ರೆಯಿಂದ ಹೊರಗೆ ಬಂದವಳು, “ನಾನು ಸತ್ತ ಮೇಲೆ ಕರಗಿಸಿ ಒಂದು ಚೊಂಬು ಮಾಡಿಸ್ಕೊಳ್ರಿ. ಹಾಳಾಗೋದು ಬ್ಯಾಡ” ಎಂದಳು.

ಮನೆಗೆ ಬಂದ ಕೂಡಲೇ ತಾಮ್ರದ್ದೇ ಜಗಳವಾಯಿತು. ಅವ್ವ ತವರಿನಿಂದ ತಂದ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು ಹಚ್ಚಿ ಫಳಫಳ ಉಜ್ಜಿ, ಅದರಲ್ಲೇ ಕುಡಿಯುವ ನೀರು ಇಡುತ್ತಿದ್ದಳು. ಮೈಗೆ ಒಳ್ಳೆಯದು ಎಂದು ಅಕ್ಕನಿಗೆ ಬೆಳಿಗ್ಗೆ ಎದ್ದ ಕೂಡಲೇ ಅದರ ನೀರನ್ನೇ ಕುಡಿಸುತ್ತಿದ್ದಳು. ಇನ್ನು ಆ ನೀರು ಕೂಡದು ಎಂದಾಗ ಅವ್ವ, “ಅಂಗಾರೆ ನಾನೇ ನಿನಗೆ ಇಷ್ಟು ವರ್ಷ ವಿಷ ಹಾಕಿದ್ನಾ?” ಎಂದು ಅತ್ತಳು. ಅಕ್ಕ ಅವಳ ತಲೆಯನ್ನು ಮಡಿಲಿಗೆ ಎಳೆದುಕೊಂಡು, “ನೀನು ಹಾಕಿದ್ರೆ ವಿಷಾನೂ ಸಿಹಿ ಇರ್ತಿತ್ತು ಬಿಡವ್ವ” ಎಂದಳು. ಆಗ ಅವರಿಬ್ಬರೂ ಇದ್ದದ್ದು ಹಾಗೆ. ಆ ಮನೆಯಲ್ಲಿ ಅವರಿಬ್ಬರೇ. ನನ್ನನ್ನು ಚಳ್ಳಕೆರೆಗೆ ಕೊಟ್ಟಾಗಿತ್ತು. ನನ್ನ ಗಂಡ ಶೇಂಗಾ ಎಣ್ಣೆ ಮಿಲ್ಲಿನಲ್ಲಿ ಕೆಲಸ ಮಾಡುತ್ತಾರೆ. ಅಕ್ಕನಿಗೆ ಶೇಂಗಾ ಕೂಡ ಕೂಡದು ಎಂದಿದ್ದರು, ಅದರಲ್ಲೂ ತಾಮ್ರ ಇದೆಯಂತೆ. ನಾನು ಮರೆತು ಚೀಲದಲ್ಲಿ ಶೇಂಗಾ ಒಯ್ದರೆ, ಅವಳು ಪಕ್ಕದ ಮನೆಯ ಮಕ್ಕಳನ್ನು ಕೂರಿಸಿಕೊಂಡು ಸುಲಿದು ಸುಲಿದು ಅವರ ಬಾಯಿಗೆ ಹಾಕಿ, ಕೊನೆಗೆ ತನ್ನ ಬೆರಳು ಮೂಸಿ ನೋಡಿಕೊಳ್ಳುತ್ತಿದ್ದಳು.

ಟ್ರಸ್ಟಿನ ವಿಷಯ ಹೇಳಬೇಕು. ಇದೇ ಕಾಯಿಲೆಯಿಂದ ಮಗುವನ್ನು ಕಳೆದುಕೊಂಡ ಒಂದು ಮನೆಯವರು ಅದನ್ನು ಕಟ್ಟಿದ್ದರು. ಇಷ್ಟು ಅಪರೂಪದ ಕಾಯಿಲೆಗೆ ಔಷಧದ ಕಂಪನಿಗಳು ಖರ್ಚು ಮಾಡುವುದಿಲ್ಲವಂತೆ. ಅದಕ್ಕೇ ಜನ ಕೊಟ್ಟದ್ದರಲ್ಲಿ ಸಂಶೋಧನೆ ನಡೆಸುತ್ತಿದ್ದರು. ಸಂಬಂಧದೊಳಗೆ ಮದುವೆಯಾಗುವ ನಮ್ಮ ಸೀಮೆಯ ಮನೆಗಳಲ್ಲಿ ರಕ್ತದ ಯಾವ ದೋಷ ಈ ಕಾಯಿಲೆ ತರುತ್ತದೆ ಎಂದು ಗೊತ್ತಾದರೆ, ಒಂದು ಚಿಕ್ಕ ಪರೀಕ್ಷೆಯಲ್ಲಿ ಮಕ್ಕಳನ್ನು ಕಾಯಿಲೆ ಬೀಳುವ ಮೊದಲೇ ಹುಡುಕಬಹುದು ಎಂಬುದು ಅವರ ಆಸೆ. ತೆಲುಗು, ಕನ್ನಡ ಎರಡೂ ಬರುವ, ಕಾಯಿಲೆಯನ್ನು ಮೈಮೇಲೆ ಹೊತ್ತ ಅಕ್ಕನಿಗೆ ಅವರು ಮನೆ ಮನೆಗೆ ಹೋಗುವ ಕೆಲಸ ಕೊಟ್ಟರು. ಮಗ್ಗದಿಂದ ಎದ್ದ ಮೇಲೆ ಅವಳ ಮುಖದಲ್ಲಿ ಗೆಲುವು ಕಂಡದ್ದು ಆಗಲೇ.

ಒಮ್ಮೆ ಅವಳ ಜೊತೆ ನನ್ನಿವಾಳ ಹಳ್ಳಿಗೆ ಹೋಗಿದ್ದೆ. ಹಳದಿ ಕಣ್ಣಾಗಿ ಮಗು ಸತ್ತ ಒಂದು ಮನೆ. ಅಕ್ಕ ಜಗುಲಿಯಲ್ಲಿ ಕೂತು ಮೊದಲು ನೀರು ಕೇಳಿದಳು. ನೀರು ಕೇಳಿದವರನ್ನು ಯಾರೂ ಕೂಡಲೇ ಎಬ್ಬಿಸಿ ಕಳಿಸುವುದಿಲ್ಲ ಎಂಬುದು ಅವಳ ಲೆಕ್ಕ. ನೀರು ಯಾವ ಪಾತ್ರೆಯಲ್ಲಿ ಬಂತು ಎಂದೂ ನೋಡಿಕೊಳ್ಳುತ್ತಿದ್ದಳು. ಮನೆಯ ಯಜಮಾನ ಬಾಗಿಲಲ್ಲಿ ನಿಂತೇ ಮಾತಾಡಿದ.

“ಕುರಿ ಮೇಯೋ ಉಳ್ಳಾರ್ತಿ ಕಾವಲ್‌ನಾಗೆ ಗೋಡೆ ಎಬ್ಬಿಸಿದಾಗ್ಲೂ ರಿಸರ್ಚ್ ಅಂದ್ರು. ರಿಸರ್ಚ್ ಒಳಗೆ, ನಮ್ಮ ಕುರಿ ಹೊರಗೆ. ಈಗ ನೀನು ರಕ್ತದ ರಿಸರ್ಚ್ ಅಂತೀಯ. ನಾಳೆ ನಮ್ಮನೆಗೂ ಗೋಡೆ ಹಾಕ್ತೀರೇನು?”

“ಹಾಕಿದ್ರೆ ಒಳ್ಳೇದೇ ಅಲ್ವಾ ಮಾವ? ನಿಮ್ಮ ಹಿತ್ಲ ಗೋಡೆ ಬಿದ್ದೋಗೈತೆ, ಬರೋವಾಗ ನೋಡಿದೆ.”

ಅವನಿಗೆ ನಗದೆ ಇರಲಾಗಲಿಲ್ಲ. ಅಕ್ಕ ಒಳಗೆ ಹೋಗಿ ಆ ಮಗುವಿನ ತಾಯಿಯ ಪಕ್ಕ ಕೂತಳು. ಮಗು ಹೇಗೆ ಸತ್ತಿತು ಎಂದು ಕೇಳಲಿಲ್ಲ. “ಏನು ಇಷ್ಟಪಟ್ಟು ತಿಂತಿತ್ತವ್ವ?” ಎಂದು ಕೇಳಿದಳು. ಆ ಹೆಂಗಸು ಬಹಳ ಹೊತ್ತು ಹೇಳುತ್ತಲೇ ಇದ್ದಳು, ಕೊನೆಗೆ ತಾನಾಗಿ ಉಳಿದ ಮಗನನ್ನು ಕರೆದು ಕೈ ಚಾಚಿಸಿದಳು. ಎಲ್ಲ ಕಡೆ ಹೀಗೆ ಆಗುತ್ತಿರಲಿಲ್ಲ. ಒಲ್ಲೆ ಎಂದ ಮನೆಗೆ ಅಕ್ಕ ಮತ್ತೆ ಮತ್ತೆ ಹೋಗಿ, “ಒಂದನ್ನ ಮಣ್ಣಿಗೆ ಹಾಕಿದ್ದು ಸಾಲದಾ?” ಎಂದುಬಿಡುತ್ತಿದ್ದಳು. ಅಂಥ ಮನೆಗಳಲ್ಲಿ ಅವಳ ಮುಖದ ಮೇಲೆ ಬಾಗಿಲು ಹಾಕಿದ್ದೂ ಉಂಟು. ಬಾಗಿಲ ಹೊರಗೆ ನಿಂತೇ ಅವಳು ಉಳಿದ ಮಾತು ಮುಗಿಸುತ್ತಿದ್ದಳು.

ಸಂಶೋಧನೆಗೆ ಕಾಯಿಲೆ ಬಂದವರ ರಕ್ತ ಎಷ್ಟು ಬೇಕೋ, ಕಾಯಿಲೆ ಬಾರದ ಒಡಹುಟ್ಟಿದವರದೂ ಅಷ್ಟೇ ಬೇಕಂತೆ. ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ದೋಷ ಎಲ್ಲಿದೆ ಎಂದು ತಿಳಿಯುತ್ತದೆ. ನಮ್ಮ ಮನೆಯಲ್ಲಿ ಉಳಿದ ಒಡಹುಟ್ಟಿದವಳು ನಾನೊಬ್ಬಳೇ. ಅಕ್ಕ ಕೇಳಿದಾಗಲೆಲ್ಲ ನಾನು ಹಬ್ಬ, ಜ್ವರ, ನೆಂಟರು ಎಂದು ಮುಂದೆ ಹಾಕಿದೆ.

“ಊರವರ ಬಾಗಿಲಾಗೆ ನಿಂತು ರಕ್ತ ಕೊಡಿ ಅಂತೀನಿ ಕಣೇ” ಎಂದಳು ಒಂದು ದಿನ. “ನಿನ್ನ ತಂಗಿ ಕೊಟ್ಟವ್ಳಾ ಅಂತ ಕೇಳ್ತಾರೆ. ಏನು ಹೇಳ್ಲಿ?”

“ಕೊಡ್ತೀನಿ ಬಿಡಕ್ಕ. ಓಡಿ ಹೋಗ್ತೀನಾ?”

“ನೀನು ಓಡಲ್ಲ. ಕೂತಲ್ಲೇ ಜಾರ್ತೀಯ.”

ನಾನು ಜಾರುತ್ತಿದ್ದುದಕ್ಕೆ ಕಾರಣವಿತ್ತು. ನನ್ನ ಮಗಳಿಗೆ ಬಿ.ಜಿ. ಕೆರೆಯಿಂದ ಸಂಬಂಧ ಬಂದಿತ್ತು. ಹುಡುಗನಿಗೆ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ, ಒಳ್ಳೆಯ ಜನ. ಹೆಣ್ಣು ನೋಡಲು ಬಂದ ದಿನ ಹುಡುಗನ ಸೋದರತ್ತೆಯೊಬ್ಬರು ಮಂಡಕ್ಕಿ ತಿನ್ನುತ್ತ, “ನಿಮ್ಮಕ್ಕನ್ನ ಬಸ್ಸಿನಾಗೆ ನೋಡೀನಿ. ಕೈ ನಡುಗ್ತೈತಲ್ಲ, ಅದೇನು ವಂಶದ್ದಾ?” ಎಂದು ಕೇಳಿದರು. “ಇಲ್ಲ ಬಿಡ್ರಿ, ಚಿಕ್ಕೋಳಿದ್ದಾಗ ಅಟ್ಟದಿಂದ ಬಿದ್ದಿದ್ಳು, ನರದ್ದು” ಎಂದೆ. ಮಾತು ಎಷ್ಟು ಸಲೀಸಾಗಿ ಬಂತು ಎಂದರೆ ನನಗೇ ಆಶ್ಚರ್ಯವಾಯಿತು. ಆ ದಿನದಿಂದ ನನಗೆ ಒಂದೇ ಹೆದರಿಕೆ. ನನ್ನ ರಕ್ತದಲ್ಲೂ ಅದು ಕಂಡರೆ? ಹೇಗೋ ಸುದ್ದಿ ಹಬ್ಬಿ ಬಿ.ಜಿ. ಕೆರೆ ಮುಟ್ಟಿದರೆ? ಕೊಡುವುದಿಲ್ಲ ಎಂದರೆ ಅಕ್ಕ ಬಿಡುವವಳಲ್ಲ. ಕೊಟ್ಟರೆ ಮಗಳ ಮದುವೆಯೇ ಮುರಿಯಬಹುದು.

ಹೊರಗಿನವರಿಗೆ ಇದು ಹುಚ್ಚು ಅನಿಸಬಹುದು, ನನಗೆ ಆಗ ಜಾಣತನ ಅನಿಸಿತು. ನಮ್ಮದು ಕೂಡುಕುಟುಂಬ, ಮೈದುನನ ಹೆಂಡತಿ ನನ್ನ ಜೊತೆಗೇ ಇದ್ದಾಳೆ. ಗಟ್ಟಿಮುಟ್ಟಾದ ಹೆಂಗಸು, ಒಂದು ದಿನ ತಲೆನೋವು ಎಂದವಳಲ್ಲ. ಅವಳ ರಕ್ತ ನನ್ನ ಹೆಸರಿನಲ್ಲಿ ಹೋದರೆ ಅಕ್ಕನ ಮಾತೂ ನಡೆಯುತ್ತದೆ, ನನ್ನ ಹೆಸರಿನ ಮುಂದೆ ಏನೂ ಇಲ್ಲ ಎಂದೂ ಆಗುತ್ತದೆ. ರಕ್ತ ಎಂದರೆ ರಕ್ತ, ಕಾಯಿಲೆ ಇದೆಯೋ ಇಲ್ಲವೋ ಅಷ್ಟೇ ನೋಡುತ್ತಾರೆ ಎಂದು ತಿಳಿದಿದ್ದೆ. ಯಾರು ಯಾರ ಮಗಳು ಎಂದು ಅದರಲ್ಲಿ ಬರೆದಿರುತ್ತದೆ ಎಂದು ನನಗೇನು ಗೊತ್ತು.

“ನಿನ್ನ ಹೆಸರಾಗೆ ನಾನು ಚುಚ್ಚಿಸ್ಕೊಂಡ್ರೆ ನನಗೇನು ಲಾಭ?” ಎಂದು ವಾರಗಿತ್ತಿ ನಕ್ಕಳು.

“ಒಂದು ವಾರ ಮುದ್ದೆ ನಾನೇ ತಿರುವ್ತೀನಿ.”

“ಎರಡು ವಾರ ಮಾಡು. ನನ್ನ ರಕ್ತ ಅಷ್ಟು ಅಗ್ಗ ಅಲ್ಲ.”

ಚಳ್ಳಕೆರೆಯ ಒಂದು ಶಾಲೆಯಲ್ಲಿ ಭಾನುವಾರ ಕ್ಯಾಂಪ್ ಇತ್ತು. ಅಕ್ಕ ಬೆಳಿಗ್ಗೆಯೇ ಟ್ರಸ್ಟಿನ ಗಾಡಿಯಲ್ಲಿ ನನ್ನಿವಾಳದವರನ್ನು ಕರೆತರಲು ಹೋಗಿದ್ದಳು. ಆ ಹೊತ್ತು ನೋಡಿಕೊಂಡು ವಾರಗಿತ್ತಿಯನ್ನು ಕಳಿಸಿದೆ. ರಕ್ತ ತೆಗೆಯುವ ಹುಡುಗರು ಬೆಂಗಳೂರಿನವರು, ನಮ್ಮಲ್ಲಿ ಯಾರ ಮುಖ ಯಾರದು ಎಂದು ಅವರಿಗೆ ತಿಳಿಯದು. ಅವಳು ನನ್ನ ಹೆಸರು ಹೇಳಿ, ನನ್ನ ಹೆಸರಿನಲ್ಲಿ ಸಹಿ ಮಾಡಿ, ಕೊಟ್ಟ ಬಿಸ್ಕತ್ತು ತಿನ್ನುತ್ತ ಬಂದಳು. ನಾನು ಮನೆಯಲ್ಲಿ ನನ್ನ ಮೊಣಕೈ ಸಂದಿಗೆ ಹತ್ತಿ ಇಟ್ಟು ಪಟ್ಟಿ ಅಂಟಿಸಿಕೊಂಡು ಕುಳಿತಿದ್ದೆ.

ಸಂಜೆ ಅಕ್ಕ ಬಂದಳು. ಬಂದವಳೇ ನನ್ನ ತೋಳು ನೋಡಿದಳು. ನಡುಗುವ ಬೆರಳಿನಿಂದ ಆ ಪಟ್ಟಿಯ ಮೇಲೆ ಮೆಲ್ಲಗೆ ಸವರಿ, “ನೋವಾಯ್ತೇನೇ?” ಎಂದಳು. ಇಲ್ಲ ಎಂದೆ. “ಎಷ್ಟು ಮನೆ ತಿರುಗಿದ್ರೂ ನಮ್ಮನೇದೇ ಬಾಕಿ ಇತ್ತು. ಇವತ್ತು ಎದೆ ಹಗುರಾತು” ಎಂದಳು. ಅಂದು ನಮ್ಮಲ್ಲೇ ಉಂಡಳು. ವಾರಗಿತ್ತಿ ಸೆರಗಿನಿಂದ ತೋಳು ಮುಚ್ಚಿಕೊಂಡು ಅವಳಿಗೆ ಸಾರು ಬಡಿಸಿದಳು.

ಮದುವೆಯಾಯಿತು. ಅಕ್ಕ ಮಗಳಿಗೆ ಮೊಳಕಾಲ್ಮೂರು ಸೀರೆ ಉಡಿಸಿ, ಅಂಚು ಸರಿ ಮಾಡಿ, “ಇದನ್ನ ನಾನು ನೇಯ್ದಿಲ್ಲ, ಅದಕ್ಕೇ ಇಷ್ಟು ಚಂದ ಐತೆ” ಎಂದು ಎಲ್ಲರನ್ನೂ ನಗಿಸಿದಳು. ನಾನು ಬಚಾವಾದೆ ಎಂದುಕೊಂಡೆ.

ಆಮೇಲೆ ಅವ್ವನ ಫೋನುಗಳು ಶುರುವಾದವು. “ದೊಡ್ಡೋಳು ನನ್ನ ಕೈಲಿ ನೀರು ಇಸ್ಕಣಲ್ಲ ಕಣೇ. ಒಲೆ ಬ್ಯಾರೆ ಹೂಡ್ಕಂಡವ್ಳೆ. ಅವ್ವ ಅಂತ ಕರದು ತಿಂಗಳಾತು. ನಾನೇನು ಮಾಡೀನಿ ಅಂತ ನೀನಾದ್ರೂ ಕೇಳೇ.” ಈ ಕಾಯಿಲೆ ತಲೆಗೇರಿದರೆ ಮನಸ್ಸು ಬದಲಾಗುತ್ತದೆ ಎಂದು ಡಾಕ್ಟರು ಹಿಂದೆ ಹೇಳಿದ್ದರು. ಅದನ್ನೇ ಅವ್ವನಿಗೆ ಹೇಳಿದೆ. “ಕಾಯಿಲೆ ಕಣವ್ವ. ಮನಸಿಗೆ ಹಚ್ಕೋಬ್ಯಾಡ.” ಆಗ ನಾನು ನಿಜವಾಗಿಯೂ ಹಾಗೇ ನಂಬಿದ್ದೆ.

ಅವ್ವ ಹಾಸಿಗೆ ಹಿಡಿದಾಗ ಮೊಳಕಾಲ್ಮೂರಿಗೆ ಹೋದೆ. ಒಂದೇ ಮನೆಯಲ್ಲಿ ಎರಡು ಒಲೆ. ಅಕ್ಕ ಅವ್ವನಿಗೆ ಬೇಕಾದದ್ದೆಲ್ಲ ಮಾಡುತ್ತಿದ್ದಳು, ಮೈ ಒರೆಸುತ್ತಿದ್ದಳು, ಗಂಜಿ ಇಡುತ್ತಿದ್ದಳು. ಆದರೆ ಮುಖ ನೋಡುತ್ತಿರಲಿಲ್ಲ, ಮಾತಾಡುತ್ತಿರಲಿಲ್ಲ. ನಾನು ಹಿತ್ತಿಲ ಮೆಟ್ಟಿಲಲ್ಲಿ ಅವಳನ್ನು ಹಿಡಿದು ಕೂರಿಸಿ, ಮುದುಕಿಯನ್ನು ಯಾಕೆ ಹೀಗೆ ಸಾಯಿಸುತ್ತೀಯ ಎಂದು ಕೇಳಿದೆ. ಅವಳು ಸೆರಗಿನಿಂದ ಕೈ ಒರೆಸಿಕೊಂಡು ಹೇಳಿದಳು.

“ಟ್ರಸ್ಟಿನ ಡಾಕ್ಟ್ರು ಹೇಳಿದ್ರು. ನಿನ್ನ ರಕ್ತ ನನ್ನದಕ್ಕೆ ಹೊಂದಲ್ವಂತೆ. ಒಡಹುಟ್ಟಿದವರದು ಹಂಗಿರಲ್ವಂತೆ. ಎಲ್ಲೋ ಅದಲು ಬದಲಾಗಿರಬೇಕು, ತಂಗೀನ ಇನ್ನೊಂದ್ಸಲ ಕರ್ಕೊಂಬರ್ರಿ ಅಂದ್ರು. ನಾನು ಬ್ಯಾಡ ಅಂದೆ. ಅಪ್ಪ ಬೊಗಳ್ತಿದ್ದದ್ದು ನಿಜ ಅಂತ ಎರಡೆರಡು ಸಲ ಯಾಕೆ ಹೇಳಿಸ್ಕೋಬೇಕು?”

ಅವಳು ನನ್ನ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನೀನು ಯಾರಿಗೆ ಹುಟ್ಟಿದ್ರೂ ನನ್ನ ತಂಗೀನೇ. ನಿನ್ನ ತಪ್ಪೇನೈತೆ? ಆದ್ರೆ ಅವಳಿಗೋಸ್ಕರ ನಾನು ಅಪ್ಪನ ಮುಂದೆ ಲಾಳಿ ಹಿಡ್ಕೊಂಡು ನಿಂತೆ ಕಣೇ. ಆಗ್ಲೂ ಗೋಡೆ ಕಡೆ ಮುಖ ಮಾಡ್ಕೊಂಡು ಕೂತಿದ್ಳಲ್ಲ. ಯಾಕೆ ಕೂತಿದ್ಳು ಅಂತ ಈಗ ಗೊತ್ತಾತು.”

ಬಾಯಿ ಬಿಡಬೇಕಿತ್ತು. ‘ಅದು ನನ್ನ ರಕ್ತವೇ ಅಲ್ಲ ಅಕ್ಕ’ ಎಂದರೆ ಮುಗಿಯುತ್ತಿತ್ತು. ಅವ್ವ ಗೋಡೆಯ ಆ ಕಡೆಯೇ ಮಲಗಿದ್ದಳು, ಇನ್ನೂ ಉಸಿರಿತ್ತು. ಆದರೆ ಮಗಳು ಆಗ ಬಸುರಿ, ಗಂಡನ ಮನೆಯಲ್ಲಿದ್ದಳು. ಅಕ್ಕನಿಗೆ ಹೇಳಿದರೆ ಅವಳು ಸುಮ್ಮನಿರುವವಳಲ್ಲ, ಡಾಕ್ಟರ ಹತ್ತಿರ ಎಳೆದೊಯ್ಯುತ್ತಾಳೆ, ಊರೆಲ್ಲ ಹೇಳುತ್ತಾಳೆ, ನಾನು ಅವಳನ್ನು ಅಟ್ಟದಿಂದ ಬೀಳಿಸಿದ ಸುಳ್ಳು ಬಿ.ಜಿ. ಕೆರೆಯಲ್ಲಿ ಬಯಲಾಗುತ್ತದೆ. ಅದೆಲ್ಲ ಒಂದು ಕ್ಷಣದಲ್ಲಿ ತಲೆಯಲ್ಲಿ ಓಡಿತು. ಬಾಯಿಂದ ಬಂದದ್ದು ಇಷ್ಟು:

“ಹೋಗ್ಲಿ ಬಿಡಕ್ಕ. ಹಳೇದೆಲ್ಲ ಈಗ್ಯಾಕೆ?”

ಸುಮ್ಮನಿದ್ದಿದ್ದರೂ ಇಷ್ಟು ಕೆಡುತ್ತಿರಲಿಲ್ಲ. ಅಕ್ಕ ನನ್ನ ಮುಖವನ್ನೇ ನೋಡಿದಳು. ನನಗೆ ಮೊದಲೇ ಗೊತ್ತಿತ್ತು, ನಾನೂ ಒಪ್ಪಿಕೊಂಡೆ ಎಂದು ತಿಳಿದಳು. ಅಲ್ಲಿಯ ತನಕ ಅವಳಲ್ಲಿ ಸಣ್ಣ ಅನುಮಾನವಾದರೂ ಉಳಿದಿತ್ತೋ ಏನೋ. ಅದನ್ನು ನಾನೇ ಒರೆಸಿಹಾಕಿದೆ. ಒಳಗೆ ಹೋಗಿ ಅವ್ವನಿಗೆ, ಕಾಯಿಲೆ ಅವಳ ತಲೆಗೇರಿದೆ ಎಂದು ಮತ್ತೆ ಹೇಳಿದೆ. ಈ ಸಲ ಗೊತ್ತಿದ್ದೇ ಹೇಳಿದೆ.

ಜೀವ ಹೋಗುವ ಹೊತ್ತಿನಲ್ಲಿ ಬಾಯಿಗೆ ನೀರು ಬಿಡುವುದು ನಮ್ಮಲ್ಲಿ ಹಿರಿಯ ಮಕ್ಕಳ ಕೆಲಸ. ಅವ್ವ, ಮಾತು ನಿಲ್ಲುವ ಮೊದಲು, “ದೊಡ್ಡೋಳು ಬಿಡ್ಲಿ” ಎಂದಳು. ಅಕ್ಕಪಕ್ಕದವರೆಲ್ಲ ಅಕ್ಕನ ಕಡೆ ನೋಡಿದರು. ಅಕ್ಕ ಮಗ್ಗದ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. “ನನ್ನ ಕೈ ನಡುಗ್ತೈತೆ. ಚೆಲ್ಲೋಗ್ತೈತೆ” ಎಂದಳು. ಕಾಯಿಲೆಯನ್ನು ಅವಳು ಯಾವುದಕ್ಕೂ ನೆಪ ಮಾಡಿದವಳಲ್ಲ, ಅದೊಂದೇ ಸಲ. ನಾನು ಬಿಟ್ಟೆ. ಅವ್ವನ ಕಣ್ಣು ನನ್ನನ್ನು ದಾಟಿ ಬಾಗಿಲ ಕಡೆಗೇ ಇತ್ತು. ನೀರು ತುಟಿಯ ಪಕ್ಕದಿಂದ ಹೊರಗೆ ಬಂತು.

ಅಕ್ಕನೂ ಬಹಳ ದಿನ ಉಳಿಯಲಿಲ್ಲ. ಮಾತ್ರೆಗಳು ಹಿಡಿಯಲಿಲ್ಲ, ಹೊಟ್ಟೆಯಲ್ಲಿ ನೀರು ತುಂಬಿತು. ಆಸ್ಪತ್ರೆಯಲ್ಲಿ ಅವಳ ಪಕ್ಕ ಇದ್ದವಳು ನಾನೇ. ಜ್ವರದಲ್ಲೂ ಟ್ರಸ್ಟಿನ ಹುಡುಗರಿಗೆ ಫೋನ್ ಮಾಡಿಸಿ, ಯಾವ ಮನೆ ಬಾಕಿ ಇದೆ, ಯಾರನ್ನು ಯಾರ ಮೂಲಕ ಕೇಳಬೇಕು ಎಂದು ಹೇಳುತ್ತಿದ್ದಳು. ಒಂದು ಮಧ್ಯಾಹ್ನ ನಾನು ಕಿತ್ತಳೆ ಸುಲಿದು ಕೊಡುವಾಗ, “ಅವ್ವ ಒಂದು ಮಾತು ಹೇಳಿದ್ರೆ ಸಾಕಿತ್ತು ಕಣೇ. ಹೌದು ಮಗ, ತಪ್ಪಾತು ಅಂತ. ನಾನು ಬಿಟ್ಟುಬಿಡ್ತಿದ್ದೆ” ಎಂದಳು. ನಾನು ಕಿತ್ತಳೆಯ ಬೀಜ ತೆಗೆಯುತ್ತಿದ್ದೆ. ಬೀಜ ತೆಗೆದು ತೆಗೆದು ಒಂದೊಂದೇ ತೊಳೆ ಅವಳ ಬಾಯಿಗಿಟ್ಟೆ. ಹೇಳಲಿಲ್ಲ. ಸಾಯುವವಳಿಗೆ ಯಾಕೆ ಸಂಕಟ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದೂ ಸುಳ್ಳು. ಅವಳು ನನ್ನ ಕೈಯಿಂದ ಮುಖ ತಿರುಗಿಸುತ್ತಾಳೆ ಎಂಬ ಹೆದರಿಕೆ, ಅಷ್ಟೇ.

ಸಭೆಯಲ್ಲಿ ಟ್ರಸ್ಟಿನ ಡಾಕ್ಟರು ಮಾತಾಡಿದರು. “ಇಷ್ಟು ಮನೆಗಳ ಮನಸ್ಸು ಒಲಿಸಿದವರು, ಅವರ ಸ್ವಂತ ಮನೆಯ ಒಂದು ಸ್ಯಾಂಪಲ್ಲು ಕೆಟ್ಟಾಗ ಮತ್ತೆ ಕೊಡಿಸಲಿಲ್ಲ. ಯಾಕೋ ಆ ವಿಷಯಕ್ಕೆ ಹಟ ಹಿಡಿದರು. ಅವರ ಮನೆಯನ್ನು ಅಧ್ಯಯನದಿಂದ ಕೈಬಿಡಬೇಕಾಯಿತು” ಎಂದರು. ಮುಂದೆ ಕುಳಿತವರು ನಕ್ಕರು. ಊರಿಗೆ ಬುದ್ಧಿ ಹೇಳುವವರ ಮನೆಯಲ್ಲಿ ಹಾಗೇ ಎಂದು ಹಿಂದೆ ಯಾರೋ ಅಂದರು. ಅವ್ವನ ಮಾನ ಕಾಯಲು ಅವಳು ಬಿಗಿಹಿಡಿದಿದ್ದ ಬಾಯಿಗೆ ಸಿಕ್ಕ ಹೆಸರು ಹಟ.

ಸಭೆಯಿಂದ ಬರುವಾಗ ಕಾರಿನಲ್ಲಿ ಮಗಳ ಪಕ್ಕ ಕುಳಿತಿದ್ದೆ. ಅಳಿಯ ಗಾಡಿ ನಿಲ್ಲಿಸಿ ಟೀ ತರಲು ಹೋದಾಗ ಇನ್ನು ತಡೆಯಲಾರದೆ ಎಲ್ಲವನ್ನೂ ಹೇಳಿಬಿಟ್ಟೆ. ನಿನ್ನ ಮದುವೆಗೋಸ್ಕರ ಮಾಡಿದೆ ಎಂದೆ. ಅವಳು ಮಗುವಿನ ಟೋಪಿ ಸರಿ ಮಾಡುತ್ತಿದ್ದವಳು ಹಾಗೇ ನಿಲ್ಲಿಸಿದಳು.

“ಅವ್ವ, ನಮ್ಮತ್ತೆಗೆ ಎಲ್ಲ ಗೊತ್ತಿತ್ತು. ಮಾತುಕತೆ ಆದ ವಾರಾನೇ ದೊಡ್ಡವ್ವ ಬಿ.ಜಿ. ಕೆರೆಗೆ ಬಂದಿದ್ರಂತೆ. ನನಗೆ ಹಿಂಗಿಂಗೆ ಕಾಯಿಲೆ ಐತೆ, ಹುಡುಗಿ ಮೈಯಾಗೂ ಅದರ ಎಳೆ ಇರಬಹುದು, ನಿಮ್ಮ ಹುಡುಗನ ರಕ್ತಾನೂ ನೋಡ್ಸಿ, ಇಬ್ಬರಾಗೂ ಇದ್ರೆ ಮಾತ್ರ ಯೋಚನೆ ಅಂದ್ರಂತೆ. ಅವ್ರದು ನೋಡ್ಸಿ, ಏನಿಲ್ಲ ಅಂತಾದ ಮೇಲೇನೇ ಲಗ್ನ ಕಟ್ಸಿದ್ದು. ನಿನಗೆ ಹೇಳ್ಬ್ಯಾಡ್ರಿ, ಹೆದರ್ಕೊಳ್ತಾಳೆ ಅಂದಿದ್ರಂತೆ.”

ಮಗಳು ಆಮೇಲೆ ಊರು ಬರುವ ತನಕ ನನ್ನ ಜೊತೆ ಮಾತಾಡಲಿಲ್ಲ. ಈಗಲೂ ಸರಿಯಾಗಿ ಮಾತಾಡುವುದಿಲ್ಲ. ಮುನಿಸು ಅವಳಿಗೆ ದೊಡ್ಡವ್ವನಿಂದ ಬಂದಿದೆ.

ಮುಂದಿನ ಕ್ಯಾಂಪಿಗೆ ನಾನೇ ಹೋದೆ. ಡಾಕ್ಟರ ಮುಂದೆ ಕುಳಿತು, ಮೊದಲು ಕೊಟ್ಟದ್ದು ನನ್ನದಲ್ಲ, ಬೇರೆಯವಳನ್ನು ಕಳಿಸಿದ್ದೆ ಎಂದೆ. ಅವರು, “ನಿಮ್ಮಕ್ಕನಿಗೆ ಇದು ಗೊತ್ತಿತ್ತಾ?” ಎಂದು ಕೇಳಿದರು. ಇಲ್ಲ ಎಂದೆ. ಅವರು ಮತ್ತೇನೂ ಕೇಳದೆ ಹುಡುಗನನ್ನು ಕರೆದರು. ಅಕ್ಕನ ರಕ್ತ ಅವರಲ್ಲಿ ಇನ್ನೂ ಇಟ್ಟಿದ್ದಾರಂತೆ. ನನ್ನದನ್ನು ಅದರ ಪಕ್ಕ ಇಟ್ಟು ನೋಡಿ, ಏನು ಕಂಡರೂ ನನಗೆ ಒಂದು ಮಾತು ತಿಳಿಸಿ ಎಂದು ಕೇಳಿಕೊಂಡೆ. ಸೂಜಿ ಚುಚ್ಚಿದಾಗ ನೋವಾಯಿತು.

ಡಾಕ್ಟರ ಫೋನ್ ಬಂದಾಗ ಅಂಗಳದಲ್ಲಿ ರಾಗಿ ಕೇರುತ್ತಿದ್ದೆ. ಮೊರ ಕೆಳಗಿಟ್ಟು ಎದ್ದು ನಿಂತೆ.

“ಎಲ್ಲ ಸರಿಯಾಗಿ ಹೊಂದುತ್ತದಮ್ಮ” ಎಂದರು. “ನೀವಿಬ್ಬರೂ ಒಂದೇ ತಾಯಿ, ಒಂದೇ ತಂದೆಯ ಮಕ್ಕಳು. ಅದರಲ್ಲಿ ಸಂಶಯವೇ ಇಲ್ಲ. ನಿಮ್ಮ ಮನೆಯನ್ನು ಮತ್ತೆ ಅಧ್ಯಯನಕ್ಕೆ ಸೇರಿಸಿಕೊಂಡಿದ್ದೇವೆ. ಬಹಳ ಉಪಕಾರವಾಯಿತು.”

“ಇದನ್ನ ನಾನು ಯಾರಿಗೆ ಹೇಳ್ಲಿ ಸಾರ್?” ಎಂದೆ.

ಅವರು ನನಗೆ ಧೈರ್ಯ ತುಂಬುವವರಂತೆ ಮೆತ್ತಗೆ, “ಯಾರಿಗೂ ಹೇಳಬೇಕಾಗಿಲ್ಲಮ್ಮ, ಹೆದರಬೇಡಿ. ನಿಮ್ಮ ಹೆಸರು ಎಲ್ಲೂ ಹೊರಗೆ ಬರುವುದಿಲ್ಲ” ಎಂದರು.